ಬಾಟಲಿಯ ತಳದ ಎರಡು ಬೆರಳು

ನೀರು ಆ ಕಡೆಗೆ ಹೋಗುತ್ತದೆ, ಅಂಚು ಮುಟ್ಟಿ ಒಂದು ಗಳಿಗೆ ನಿಂತು ಈ ಕಡೆಗೆ ಬರುತ್ತದೆ, ಅದರ ಮೇಲೆ ನೊರೆಯ ಒಂದೇ ಒಂದು ಗುಳ್ಳೆ, ಒಡೆಯದೆ, ತೊಟ್ಟಿಲೊಳಗಿನ ಕೂಸಿನಂತೆ ತೂಗಿಸಿಕೊಳ್ಳುತ್ತ — ತೂಗುವ ಯಂತ್ರಕ್ಕೆ ಗುರ್ ಎನ್ನುವ ಒಂದೇ ರಾಗ, ಅದರ ಬೆನ್ನ ಮೇಲೆ ಎರಡು ಬಟ್ಟಲು, ಎರಡರಲ್ಲೂ ಅರ್ಧ ಅಂಗೈಯಷ್ಟು ಒಂದೊಂದು ಬಿಳಿ ಹಾಳೆ, ನಿನ್ನೆ ಸಂಜೆ ತಾನೇ ಕತ್ತರಿ ಹಿಡಿದು ಒಂದನ್ನು ಎರಡು ಮಾಡಿದ್ದು, ದಾಕ್ಷಾಯಿಣಿ ಎಡಗಡೆಯದನ್ನು ನೋಡಳು, ಬಲಗಡೆಯದನ್ನೂ ನೋಡಳು, ಗುಳ್ಳೆಯನ್ನಷ್ಟೇ ನೋಡುತ್ತಾಳೆ. ಎಷ್ಟನೆಯ ವಚನ ಇದು? ಏಳೋ, ಎಂಟೋ. ಒಂದು ತೊಳೆತಕ್ಕೆ ಐದು ನಿಮಿಷ, ಐದು ನಿಮಿಷಕ್ಕೆ ಹನ್ನೊಂದು ವಚನ, ಓಡಿಸದೆ, ಎಳೆಯದೆ, ತವರೂರು ಸುಳ್ಳದಲ್ಲಿ ಅಪ್ಪ ನಸುಕಿಗೆದ್ದು ದನದ ಮುಂದೆ ಮೇವು ಹಾಕುತ್ತ ಅನ್ನುತ್ತಿದ್ದ ಲಯದಲ್ಲೇ, ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಆಕೆಯ ಗಡಿಯಾರ ಅದೇ, ಒಮ್ಮೆ ಲ್ಯಾಬಿನ ಮುಖ್ಯಸ್ಥ ಗುರುಪಾದ ಸರ್ ಮೊಬೈಲು ಹಿಡಿದು ಪಕ್ಕದಲ್ಲಿ ನಿಂತು ಪರೀಕ್ಷೆಯನ್ನೂ ಮಾಡಿದ್ದರು, ನಾಲ್ಕು ನಿಮಿಷ ಐವತ್ತೆರಡು ಸೆಕೆಂಡು, ಏನ್ರೀ ದಾಕ್ಷಾಯಿಣವ್ವಾರ, ಎಂಟು ಸೆಕೆಂಡು ಎಲ್ಲಿ ನುಂಗಿದ್ರಿ, ಯಾವ ಶರಣರಿಗೆ ಮೋಸ ಮಾಡಿದ್ರಿ ಹೇಳ್ರಿ ಎಂದು ನಕ್ಕಿದ್ದರು. ಇವತ್ತು ಎಣಿಕೆ ತಪ್ಪಿದೆ. ಇಪ್ಪತ್ತೆರಡು ವರ್ಷದಲ್ಲಿ ತಪ್ಪಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕು, ತುಟಿ ಅಲ್ಲಾಡುತ್ತವೆ, ಮನಸ್ಸು ಅದರ ಪಾಡಿಗೆ ಅದು — ಎಡಗಡೆಯ ಹಾಳೆ ಫ್ರಿಜ್ಜಿನ ಕಂದು ಬಾಟಲಿಯ ಪ್ರತಿಕಾಯದಲ್ಲಿ ರಾತ್ರಿಯಿಡೀ ನೆನೆದದ್ದು, ಬಲಗಡೆಯದು ಯಾರಿಗೂ ಗೊತ್ತಿಲ್ಲದ ಆ ಒಂದು ಕೊಳವೆಯದರಲ್ಲಿ. ಎರಡರಲ್ಲೂ ಒಂದೇ ಥರ ಗೆರೆ ಮೂಡಿದರೆ ತಪ್ಪು ಮೊಲದ್ದು, ದೇವರದ್ದು, ಯಾರದೂ ಅಲ್ಲ. ಬೇರೆ ಬೇರೆ ಮೂಡಿದರೆ ತಪ್ಪು ತನ್ನದು. ಏಳು ವರ್ಷದ್ದು.

ಆ ಕಡೆ ಹೋಗುವ ನೀರು, ಈ ಕಡೆ ಬರುವ ನೀರು. ಹೊಸ ಹುಡುಗರು ಬಂದಾಗಲೆಲ್ಲ ಸರ್ ಹೇಳುವ ಪಾಠ ಆಕೆಗೆ ಬಾಯಿಪಾಠವಾಗಿದೆ, ಗ್ಲಾಸುಗಳನ್ನು ತೊಳೆಯುತ್ತಲೇ ಕೇಳಿ ಕೇಳಿ — ಯೀಸ್ಟ್ ಅಂದ್ರ ಬ್ರೆಡ್ಡು ಉಬ್ಬಿಸೋ ಪುಡಿ ಅಷ್ಟ ಅಂತ ತಿಳಿಬ್ಯಾಡ್ರಿ, ಅದು ಭಾಳ ಶ್ಯಾಣ್ಯಾ ಜೀವ, ಬಿಸಿಲು ಜೋರಾತು ನೀರು ಆರಿತು ಅಂದ್ರ ಟ್ರೆಹಲೋಸ್ ಅನ್ನೋ ಸಕ್ಕರಿ ಕೂಡಿಟ್ಟುಕೊಂಡು ಸುಮ್ನ ಕುಂದರ್ತದ, ಕಷ್ಟ ಕಳೀತು ಅಂದಮ್ಯಾಲ ಆ ಕಣಜದ ಬಾಯಿ ತಗಿಯೋ ಕಿಣ್ವ ಒಂದದ, ಟ್ರೆಹಲೇಸ್, ಕಣ್ಣಿಗೆ ಕಾಣೂದಿಲ್ಲ, ಅದನ್ನ ಗುರ್ತು ಹಿಡಿಯಾಕ ಒಂದು ಕೈ ಬೇಕು, ಆ ಕೈ ನಮಗ ಮೊಲ ಕೊಡ್ತದ, ಕಿಣ್ವ ತಗೊಂಡು ಮೊಲಕ್ಕ ಚುಚ್ಚಿದ್ರ ಅದರ ರಕ್ತದಾಗ ಪ್ರತಿಕಾಯ ಹುಟ್ಟತಾವು, ಬಿಳಿ ಹಾಳಿ ಮ್ಯಾಲೆ ಇಳಿಸಿದ ಯೀಸ್ಟಿನ ಸಾವಿರಾರು ಪ್ರೋಟೀನಿನ ನಡುವ ಇದೊಂದನ್ನ ಹೋಗಿ ಹಿಡಿತಾವು, ಹಿಡಿದ ಜಾಗಾದಾಗ ನಾವು ಬಣ್ಣ ಬರಿಸ್ತೀವಿ, ಒಂದು ಗೆರಿ. ಆಮೇಲೆ ದನಿ ಇಳಿಸಿ, ಗುಟ್ಟು ಹೇಳುವವರ ಹಾಗೆ — ಆದ್ರ ಈ ಕಿಣ್ವಕ್ಕ ಒಬ್ಬಾಕಿ ತಂಗಿ ಇದ್ದಾಳ, ಅಕ್ಕನಂಗ ಮಾರಿ, ಅಕ್ಕನಂಗ ಎತ್ತರ, ಹಾಳಿ ಮ್ಯಾಲೆ ಇಬ್ಬರೂ ಒಂದ ಜಾಗಾದಾಗ ನಿಲ್ಲತಾರ, ನಮ್ಮ ಮೊಲದ ಹೆಚ್ಚುಗಾರಿಕಿ ಏನಂದ್ರ ಅದು ಅಕ್ಕನ್ನ ಅಷ್ಟ ಹಿಡಿತದ, ತಂಗೀನ್ನ ಮುಟ್ಟೂದಿಲ್ಲ, ಅಕ್ಕನ್ನ ಬೇರುಸಹಿತ ತಗದ ಯೀಸ್ಟಿನ್ಯಾಗ ಗೆರೀನ ಬರೂದಿಲ್ಲ. ಹೌದು, ಬರುತ್ತಿರಲಿಲ್ಲ, ಹದಿನಾಲ್ಕು ವರ್ಷದ ಹಿಂದೆ ಆಕೆಯೇ ಕಣ್ಣಾರೆ ನೋಡಿದ್ದಾಳೆ. ಈಗ ಬರುತ್ತಿದೆ. ಇಲ್ಲಿ ಸಂಶೋಧನೆ ಮಾಡುತ್ತಿರುವ ಋತುಜಾ ಪತ್ರಿಕೆಗೆ ಕಳಿಸಿದ ಬರಹ ನೋಡಿದ ಹೊರಗಿನ ಯಾರೋ ಪರೀಕ್ಷಕರು, ಅಕ್ಕನಿಲ್ಲದ ಯೀಸ್ಟಿನಲ್ಲಿ ಇನ್ನೊಮ್ಮೆ ತೋರಿಸಿ ಎಂದು ಕೇಳಿದರಂತೆ, ಅಷ್ಟೇ, ಒಂದು ದಿನದ ಕೆಲಸ, ಹುಡುಗಿ ನಗುತ್ತಲೇ ಮಾಡಿದ್ದಳು, ಗೆರೆ ಬಂತು. ಮತ್ತೆ ಮಾಡಿದಳು, ಬಂತು. ಮೂರನೆಯ ಸಲ ಯೀಸ್ಟನ್ನೇ ಹೊಸದಾಗಿ ಬೆಳೆಸಿ ಮಾಡಿದಳು, ಕಪ್ಪಗೆ, ನೀಟಾಗಿ, ಅದೇ ಜಾಗದಲ್ಲಿ. ಶುಕ್ರವಾರ ಎಲ್ಲರ ಮುಂದೆ ಸರ್ ಆ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರವಿ — ನೀ ಯೀಸ್ಟ್ ಅದಲು ಬದಲು ಮಾಡೀದಿ. ಇಲ್ರಿ ಸರ್, ಖರೇನ ಇಲ್ರಿ, ಮೂರು ಸಲ ನೋಡೇನ್ರಿ. ಮೂರು ಸಲಾನೂ ಒಂದ ತಪ್ಪು ಮಾಡ್ಬೇಕಂದ್ರ ಶಿಸ್ತು ಬೇಕಲ್ಲವಾ, ಅದಾದ್ರೂ ನಿನ್ನ ಹತ್ರ ಅದ ಬಿಡು. ಯಾರೋ ಕಿಸಕ್ಕೆಂದರು. ಆ ಪ್ರತಿಕಾಯ ಹದಿನಾಲ್ಕು ವರ್ಷದಿಂದ ಸುಳ್ಳು ಹೇಳಿಲ್ಲ, ಬೇಕಾದ್ರ ದಾಕ್ಷಾಯಿಣವ್ವಾರನ್ನ ಕೇಳು, ಆ ಬಾಟಲಿ ಅವರ ಕೈಯಾಗಿಂದು, ಮನಿ ದೇವರ ಕಾಯ್ದಂಗ ಕಾಯ್ದಾರ, ಹೌದಲ್ರೀ? ಎಲ್ಲರೂ ತಿರುಗಿ ನೋಡಿದರು, ಋತುಜಾ ಕೂಡ, ಅಳುವುದಕ್ಕೆ ಮೊದಲಿನ ಕಣ್ಣು — ದಾಕ್ಷಾಯಿಣಿ ತಲೆ ಅಲ್ಲಾಡಿಸಿದಳು. ಹೌದೆಂದು. ತಲೆ ಮಾತ್ರ, ತನ್ನಷ್ಟಕ್ಕೆ ತಾನೇ. ಸೋಮವಾರ ನಿನ್ನ ಅವಧಿ ಮುಂದುವರಿಸೋದು ಬ್ಯಾಡಂತ ಬರೀತೀನಿ, ಸರ್ ಅಂದರು, ನಂಬಿಕಿ ಇಲ್ಲದ ಕೈ ನನ್ನ ಲ್ಯಾಬಿನ್ಯಾಗ ಬ್ಯಾಡ. ನಾಳೆ ಸೋಮವಾರ.

ನೀರು ಚೆಲ್ಲಿ ಹೊಸ ನೀರು ಹಾಕುತ್ತಾಳೆ, ಎರಡನೆಯ ತೊಳೆತ. ತಲೆ ಅಲ್ಲಾಡಿಸುವಾಗ ಗೊತ್ತಿರಲಿಲ್ಲ, ದೇವರ ಆಣೆ, ಗೊತ್ತಿರಲಿಲ್ಲ, ಅದೇ ಶುಕ್ರವಾರ ಸಂಜೆ ರಾಯಾಪುರದ ನಿಲ್ದಾಣದಲ್ಲಿ ಚಿಗರಿ ಬಸ್ಸಿನ ಗಾಜಿನ ಬಾಗಿಲು ಸರ್ರನೆ ಸರಿದು ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ — ಫ್ರಿಜ್ಜು ತೆರೆದ ಹಾಗೆಯೇ — ಕಂದು ಬಾಟಲಿ ಕಣ್ಣ ಮುಂದೆ ಬಂತು, ಅದರ ತಳದಲ್ಲಿ ಎರಡು ಬೆರಳಷ್ಟು ದ್ರಾವಣ, ಅದರ ಮೇಲೆ ತಾನು ಸುರಿಯುತ್ತಿರುವುದು. ಬಸ್ಸು ಹೋಯಿತು. ಆಕೆ ಹತ್ತಲಿಲ್ಲ. ಏಳು ವರ್ಷದ ಹಿಂದೆ, ಎರಡನೆಯ ಮೊಲದ ಸೀರಮ್ ಬಂದ ವರ್ಷ ಅದು, ಮೊದಲನೆಯದರದ್ದು ಮುಗಿಯುತ್ತ ಬಂದಿತ್ತು, ಸರ್ ಹೇಳಿದ್ದರು, ಸ್ಪಷ್ಟವಾಗಿಯೇ ಹೇಳಿದ್ದರು, ಹೊಸ ಮೊಲ, ಹೊಸ ಬಾಟಲಿ, ಹಳೇದು ಉಳಿದದ್ದನ್ನ ಚೆಲ್ಲಿಬಿಡ್ರಿ. ಹೂಂ ಅಂದಿದ್ದಳು. ಹೊಸ ಸೀರಮ್ಮನ್ನು ಪರೀಕ್ಷೆಯನ್ನೂ ಮಾಡಿದ್ದಳು, ಸಾದಾ ಯೀಸ್ಟಿನಲ್ಲಿ, ಗೆರೆ ಸರಿಯಾದ ಜಾಗದಲ್ಲಿ ಬಂದಿತ್ತು, ಅಕ್ಕನ ಜೊತೆಗೆ ತಂಗಿಯೂ ಅದೇ ಗೆರೆಯೊಳಗೆ ನಿಂತಿರಬಹುದು ಎಂದು ಯಾರಿಗೆ ಹೊಳೆಯಬೇಕು. ಆಮೇಲೆ ಬಾಟಲಿ ಎತ್ತಿಕೊಂಡು ಸಿಂಕಿನ ಮುಂದೆ ನಿಂತಳು, ಬಗ್ಗಿಸಲಿಕ್ಕೆ ಕೈ ಬರಲಿಲ್ಲ. ಯಾಕೆ ಬರಲಿಲ್ಲ. ಮೊದಲನೆಯ ಮೊಲಕ್ಕೆ ಆಕೆ ಮನೆಯಿಂದ ಹಕ್ಕರಿಕೆ ಸೊಪ್ಪು ಒಯ್ಯುತ್ತಿದ್ದಳು, ಎಡಗಿವಿಯ ತುದಿ ತುಸು ಹರಿದಿತ್ತು, ಕಿವಿಯ ನರದಿಂದ ರಕ್ತ ತೆಗೆಯುವ ದಿನ ತಾನೇ ಮಡಿಲಲ್ಲಿ ಹಿಡಿದು ಕೂತಿದ್ದಳು, ಗಾಜಿನ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೆ ಸೀರಮ್ಮಿನ ತಿಳಿ ನಿಂತಿತು, ಹೊಸ ತುಪ್ಪದ ಬಣ್ಣ, ಅಪ್ಪಾ, ಇದಕ್ಕ ಪಾಪ ಬರ್ತೈತೇನು ಎಂದು ಊರಿಗೆ ಹೋದಾಗ ಕೇಳಿದಳು, ಅಪ್ಪ ದನದ ಬೆನ್ನು ಸವರುತ್ತ, ಬರ್ತೈತೋ ಇಲ್ಲೋ ನನಗ ತಿಳೀದವ್ವಾ, ಅದು ಕೊಟ್ಟದ್ದನ್ನ ಮಾತ್ರ ಚೆಲ್ಲಬ್ಯಾಡ ಅಂದ. ಅದು ಒಂದು. ಇನ್ನೊಂದು ಅತ್ತೆಯದು, ರತ್ನವ್ವನದು, ಹಳೇ ಹುಬ್ಬಳ್ಳಿಯ ಆ ಕತ್ತಲು ಅಡುಗೆಮನೆಯಲ್ಲಿ ಮದುವೆಯಾಗಿ ಬಂದ ಎರಡನೆಯ ದಿನ, ಜೋಳದ ಹಿಟ್ಟಿನ ಡಬ್ಬಿ ಒರೆಸಿ ತೊಳೆಯಲಿಕ್ಕೆ ಹೋದಾಗ ಕೈ ಹಿಡಿದು — ಅಯ್ಯ ನಮ್ಮವ್ವ, ಯಾವ ಊರಾಕಿ ನೀ, ಡಬ್ಬಿ ಬರಿದು ಮಾಡ್ತಾರೇನ, ತಳದಾಗ ಒಂದು ಹಿಡಿ ಇರಬೇಕು, ಹಳೇದರ ಮ್ಯಾಲೆ ಹೊಸಾದು ಬಿದ್ರ ಮನಿ ತುಂಬಿರ್ತೈತಿ. ಹಿಟ್ಟು, ಉಪ್ಪು, ಎಣ್ಣೆ, ಮೊಸರಿನ ಹೆಪ್ಪು, ಮೂವತ್ತೊಂದು ವರ್ಷದಲ್ಲಿ ಆಕೆಯ ಮನೆಯ ಒಂದು ಡಬ್ಬಿಯೂ ಬರಿದಾಗಿ ನೆಲ ನೋಡಿಲ್ಲ. ಆ ಕೈಯೇ ಇದು. ಬೇರೆ ಕೈ ಎಲ್ಲಿಂದ ತರಲಿ. ಹಳೆಯ ಎರಡು ಬೆರಳಿನ ಮೇಲೆ ಹೊಸದನ್ನು ಸುರಿದಳು, ಬಾಟಲಿ ಅದೇ ಆದ್ದರಿಂದ ಚೀಟಿಯೂ ಅದೇ ಉಳಿಯಿತು, ಮೊಲ ಒಂದು, ತನ್ನದೇ ಗುಂಡನೆಯ ಅಕ್ಷರ, ಸುರಿಯುವಾಗ ಒಂದು ಸಮಾಧಾನವೂ ಆಗಿತ್ತಲ್ಲ, ನಾಚಿಕೆಗೇಡು, ಹರಿದ ಕಿವಿಯ ಆ ಜೀವ ಇನ್ನೂ ಇಲ್ಲೇ ಇದೆ ಎನ್ನುವ ಸಮಾಧಾನ. ಅಲ್ಲಿಂದ ಮುಂದೆ ಬಾಟಲಿ ಇಳಿದಾಗಲೆಲ್ಲ ಸುರಿದಳು, ಎರಡನೆಯ ಮೊಲದ್ದು, ಎರಡನೆಯದೇ, ಏಳು ವರ್ಷ, ತಳದ ಹಳೆಯದು ಈಗ ಹೆಸರಿಗಷ್ಟೇ.

ಬೆಳಿಗ್ಗೆ ಪೂಜೆ ಮುಗಿಸಿ ಏಳುವಾಗ ಚನ್ನಯ್ಯ ಹಾಸಿಗೆಯಿಂದಲೇ, ಯಾಕ, ರವಿವಾರ ನಿಮ್ಮ ಯೀಸ್ಟಿಗೆ ಸೂಟಿ ಇಲ್ಲೇನು ಎಂದು ಕೇಳಿದ್ದ, ಗಂಡನಿಗೆ ಹೇಳಬಹುದಿತ್ತು, ಹೇಳಿದರೆ ಅವನು ಏನನ್ನುತ್ತಾನೆ ಗೊತ್ತು, ಮಾರ್ಚಿಗೆ ರಿಟೈರ್ ಆಗ್ತೀ, ಸುಮ್ನ ಕುಂಡ್ರು, ಕೆದಕಬ್ಯಾಡ. ಮೂರನೆಯ ತೊಳೆತ. ಎಡಗೈ ತನ್ನಷ್ಟಕ್ಕೆ ತಾನೇ ಎದೆಯ ಮೇಲಿನ ಲಿಂಗವನ್ನು ಹಿಡಿದಿದೆ, ಯಾವಾಗ ಹಿಡಿಯಿತೋ, ತುಟಿ ಅಂದುಕೊಳ್ಳುತ್ತಿರುವುದು ವಚನವಲ್ಲ, ಬೇರೇನೋ — ಎರಡರಲ್ಲೂ ಬರಲಪ್ಪಾ, ಎರಡೂ ಹಾಳೆಯಲ್ಲಿ ಗೆರೆ ಬರಲಿ, ಮೊಲದ್ದೇ ತಪ್ಪಿರಲಿ, ಹಳೆಯ ಸೀರಮ್ಮೇ ಕೆಟ್ಟಿರಲಿ — ಛೇ. ಬೇಡುವುದನ್ನು ಬಿಟ್ಟುಬಿಟ್ಟೆ ಎಂದುಕೊಂಡಿದ್ದಳು, ಮಗಳ ಕಾಯಿಲೆಯಲ್ಲೂ ಬೇಡಿರಲಿಲ್ಲ, ನೀನಿಟ್ಟಂತೆ ಇರುವೆ ಎಂದಿದ್ದಳು, ಈಗ ಬೇಡುತ್ತಿದ್ದಾಳೆ, ಅದೂ ಏನನ್ನು, ಸುಳ್ಳನ್ನು, ಒಂದು ಹಾಳೆಯ ಮೇಲೆ ಒಂದು ಸುಳ್ಳು ಗೆರೆ ಎಳೆದು ಕೊಡು ಎಂದು. ಕೈ ಕೆಳಗಿಳಿಸಿದಳು. ಅಪ್ಪ ಅನ್ನುತ್ತಿದ್ದ ಆ ಸಾಲುಗಳೆಲ್ಲ ನುಡಿ, ನಡೆ, ನುಡಿ, ನಡೆ ಎಂದು ಒಂದನ್ನೊಂದು ಒರೆಗೆ ಹಚ್ಚುತ್ತಿದ್ದವು, ಬಾಲ್ಯದಲ್ಲಿ ಅವು ಜೋಗುಳದ ಹಾಗೆ ಕೇಳುತ್ತಿದ್ದವು, ನಿದ್ದೆ ಬರುತ್ತಿತ್ತು. ವಾಣಿಶ್ರೀ. ಯಾಕೆ ಈಗ ವಾಣಿಶ್ರೀ. ಬೇಡ. ಬಂದೇ ಬಿಟ್ಟಳು, ಎರಡು ಜಡೆಯ ಹುಡುಗಿ, ಈ ಮೇಜಿನ ಮುಂದೆಯೇ ಐದು ವರ್ಷ ನಿಂತು ಪಿಎಚ್.ಡಿ. ಮುಗಿಸಿ ಹೋದವಳು, ಹಸಿದ ಯೀಸ್ಟಿನಲ್ಲೂ ಈ ಕಿಣ್ವ ಎಚ್ಚರವಾಗಿಯೇ ಇರುತ್ತದೆ ಎಂದು ಮೊದಲು ತೋರಿಸಿದವಳು, ಎಲ್ಲರೂ ಹುಬ್ಬೇರಿಸಿದ್ದರು, ಗದಗಿನ ಕಾಲೇಜಿನಲ್ಲಿ ನೌಕರಿ ಸಿಕ್ಕದ್ದು ಅದರಿಂದಲೇ, ಆದೇಶಪತ್ರ ಬಂದ ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದು, ಸರ್‌ಗಿಂತ ಮೊದಲು ಆಕೆಯ ಕಾಲು ಮುಟ್ಟಿದಳು, ಅಕ್ಕಾ ಇದೆಲ್ಲಾ ನಿಮ್ಮ ಬಾಟಲಿ ಪುಣ್ಯಾರಿ. ಎಚ್ಚರವಾಗಿದ್ದವಳು ಅಕ್ಕನಲ್ಲ, ತಂಗಿ ಇದ್ದಿರಬಹುದು. ಎಚ್ಚರವಾಗಿದ್ದವಳೇ ಬೇರೆ ಇದ್ದಿರಬಹುದು.

ತೊಳೆದಾಯಿತು. ಬಣ್ಣ ಬರಿಸುವ ನೀರು, ಹಳದಿ ಛಾಯೆ, ಎರಡೂ ಬಟ್ಟಲಿಗೆ ಸಮ ಸಮ. ಈಗ ಯಂತ್ರ ಬೇಡ, ಕೈಯಲ್ಲೇ ಅಲ್ಲಾಡಿಸಬೇಕು, ಕಿಟಕಿಯ ಬೆಳಕು ನೇರ ಬೀಳುತ್ತದೆ, ಹೊರಗೆ ಎಲ್ಲೋ ಲಾರಿಯ ಹಾರ್ನು. ಹಾಳೆ ಬಿಳಿ. ಇನ್ನೂ ಬಿಳಿ. ಪ್ರತಿ ಹಾಳೆಯಲ್ಲೂ ಎರಡೆರಡು ಸಾಲು, ಮೊದಲನೆಯದು ಸಾದಾ ಯೀಸ್ಟು, ಎರಡನೆಯದು ಅಕ್ಕನಿಲ್ಲದ್ದು, ನಿನ್ನೆ ಋತುಜಾಳ ಶೀಶೆಗಳಿಂದಲೇ ತಾನೇ ಹಾಕಿದ್ದು. ಮೊದಲು ಎಡಗಡೆ, ಮೊದಲನೆಯ ಸಾಲಿನಲ್ಲಿ ಒಂದು ನಸು ನೇರಳೆ ನೆರಳು, ಹೌದೋ ಅಲ್ಲವೋ ಅನ್ನುವಷ್ಟು, ಹೌದು, ಗೆರೆ. ಬಲಗಡೆಯಲ್ಲೂ ಮೊದಲನೆಯ ಸಾಲಿನಲ್ಲಿ, ಹೌದು, ಆ ಹಳೆಯ ಸೀರಮ್ ಇನ್ನೂ ಬದುಕಿದೆ, ಹದಿನಾಲ್ಕು ವರ್ಷ ಫ್ರೀಜರಿನ ಹಿಮದ ಕೆಳಗೆ ಬೆಳ್ಳಿಹಾಳೆಯಲ್ಲಿ ಸುತ್ತಿ ಇಟ್ಟ ಒಂದು ಕೊಳವೆ, ಒಂದು ಪಾಲು ಮೀಸಲು ಎತ್ತಿಡುವುದು ರೂಢಿ, ಅಷ್ಟೇ. ಈಗ ಎರಡನೆಯ ಸಾಲು. ಎಡಗಡೆ — ನೆರಳು ಬಂತು. ನಿಂತಿತು. ಗೆರೆಯಾಯಿತು. ಬಲಗಡೆ. ಬಾ. ಬಟ್ಟಲು ಅಲ್ಲಾಡಿಸುತ್ತಾಳೆ, ಬಾರವ್ವಾ, ಕಣ್ಣು ಕಿರಿದು ಮಾಡಿ ಬಗ್ಗುತ್ತಾಳೆ, ವಿಭೂತಿಯ ಒಂದು ಕಣ ಹಣೆಯಿಂದ ಮೇಜಿನ ಮೇಲೆ ಉದುರುತ್ತದೆ, ಒಂದು ನಿಮಿಷ, ಎರಡು, ಬಲಗಡೆಯಲ್ಲಿ ಏನೂ ಇಲ್ಲ, ಎಡಗಡೆಯದು ಆಗಲೇ ಸಣ್ಣ ಹುಬ್ಬು ತೀಡಿದ ಹಾಗಿದೆ, ಬಲಗಡೆಯಲ್ಲಿ ಏನೂ ಇಲ್ಲ. ಏನೂ ಬರುವುದಿಲ್ಲ. ತಿಳಿಯಿತು. ಬಹಳ ಸಮಾಧಾನವಾಗಿ ತಿಳಿಯಿತು, ವೈದ್ಯರು ಕೋಣೆಯಿಂದ ಹೊರಗೆ ಬಂದು ಮಾತಾಡದೆ ನಿಂತಾಗ ತಿಳಿಯುವ ಹಾಗೆ. ಬಲಗಡೆಯ ಬಟ್ಟಲಿನ ಬಣ್ಣ ಚೆಲ್ಲಿ ನೀರು ಹಾಕಿದಳು, ಬಣ್ಣ ಅಲ್ಲಿಗೆ ನಿಂತಿತು, ಎಡಗಡೆಯದಕ್ಕೂ ಹಾಕಬೇಕು, ಹಾಕದಿದ್ದರೆ ಬಣ್ಣ ಏರುತ್ತಲೇ ಹೋಗುತ್ತದೆ, ಗೆರೆ ಕಪ್ಪಾಗುತ್ತಲೇ ಹೋಗುತ್ತದೆ, ಹಾಕಬೇಕು. ಕೈ ಬಲಗಡೆಯ ಬಟ್ಟಲಿನ ಮೇಲೇ ನಿಂತಿದೆ. ಯಾಕೆಂದರೆ ಒಂದು ದಾರಿ ಇದೆ. ಎಷ್ಟು ಸುಲಭ. ಈ ಹಾಳೆಯನ್ನು ಚಿಮುಟದಿಂದೆತ್ತಿ ಕಸದ ಡಬ್ಬಿಗೆ ಹಾಕು, ಕಂದು ಬಾಟಲಿಯನ್ನು ಸಿಂಕಿಗೆ ಬಗ್ಗಿಸಿ ತೊಳೆ, ಮೀಸಲು ಕೊಳವೆಯಲ್ಲಿ ಉಳಿದ ನಾಲ್ಕು ಹನಿಯಿಂದ ಹೊಸದು ಮಾಡಿ ಅದೇ ಬಾಟಲಿಗೆ ತುಂಬು, ಬುಧವಾರ ಹುಡುಗಿ ನಾಲ್ಕನೆಯ ಸಲ ಮಾಡಿದರೆ ತಾನಾಗಿಯೇ ಸರಿ ಬರುತ್ತದೆ, ನೋಡಿದೇನು, ಚಿತ್ತಗೊಟ್ಟು ಮಾಡಿದ್ರ ಬರ್ತದ ಅನ್ನುತ್ತಾರೆ ಸರ್, ತಾನು ಮುಂದೆ ನಿಂತು ಕೈಮುಗಿದು ಕೇಳಿದರೆ ಒಂದು ವಾರ ತಡೆದಾರು, ಯಾರಿಗೂ ಏನೂ ಆಗುವುದಿಲ್ಲ, ಗದಗಿನಲ್ಲಿ ವಾಣಿಶ್ರೀ ಪಾಠ ಮಾಡುತ್ತಿರುತ್ತಾಳೆ, ಮಾರ್ಚಿನಲ್ಲಿ ತನಗೆ ಶಾಲು ಹೊದಿಸುತ್ತಾರೆ, ಬರೀ ಮೂರು ಹಾಳೆಗಳ ತಪ್ಪು ಋತುಜಾಳ ಹೆಸರಿನಲ್ಲಿ ಉಳಿಯುತ್ತದೆ, ಬರೀ ಅಷ್ಟೇ, ಜೀವಮಾನವೆಲ್ಲ ಆ ಹುಡುಗಿ ತನ್ನ ಕೈಯನ್ನು ತಾನೇ ನಂಬುವುದಿಲ್ಲ, ಬರೀ ಅಷ್ಟೇ. ಎಡಗಡೆಯ ಗೆರೆ ಇನ್ನಷ್ಟು ಕಪ್ಪಾಗಿದೆ. ಬಲಗಡೆಯ ಬಟ್ಟಲು ಕೈಗೆ ಬಂದಿದೆ.

ಬಾಗಿಲು ಕಿರ್ರೆಂದಿತು, ಅಕ್ಕಾ? — ಋತುಜಾ, ಕೈಯಲ್ಲಿ ಎರಡು ಖಾಲಿ ಚೀಲ, ತಲೆ ಸರಿಯಾಗಿ ಬಾಚಿಲ್ಲ — ನೀವ್ಯಾಕ್ರಿ ಇವತ್ತ, ವಾಚ್‌ಮನ್ ಕಾಕಾ ಹೇಳಿದ್ರು ಏಳಕ್ಕ ಬಂದಾರಂತ. ನೀ ಯಾಕ ಬಂದೆವಾ. ನನ್ನ ಸಾಮಾನು ಒಯ್ಯಾಕ್ರಿ, ನಾಳೆ ಎಲ್ಲಾರ ಮುಂದ ಕಟ್ಟಾಕ ನಾಚಿಕಿ ಬರ್ತದ. ಹೇಳುತ್ತಲೇ ಹತ್ತಿರ ಬಂದಳು, ಎಡಗಡೆಯ ಬಟ್ಟಲಿನ ಮೇಲೆ ಬಗ್ಗಿದಳು, ದಾಕ್ಷಾಯಿಣಿಯ ಕೈ ಬಲಗಡೆಯದನ್ನು ಸೆರಗಿನ ಹಿಂದೆ ಹಿಡಿದಿದೆ, ಹೇಗೆ ಹೋಯಿತು ಸೆರಗಿನ ಹಿಂದೆ — ಅಯ್ಯ, ನಿಮ್ಮ ಕೈಲೂ ಬಂತಾ ಅಕ್ಕಾ ಈ ದರಿದ್ರ ಗೆರಿ, ಎಂದು ಹುಡುಗಿ ನಕ್ಕಳು, ನಗು ಅರ್ಧದಲ್ಲೇ ಒಡೆದು, ಹಂಗಾರ ನಂದೊಂದ ಕೈ ಅಲ್ಲ, ನನ್ನ ಸಲುವಾಗಿ ರವಿವಾರ ಬಂದು ಮಾಡಿದ್ರೇನ್ರಿ, ನನ್ನ ಸಲುವಾಗಿ? — ಅದೊಂದು ಮಾತು, ಅದೊಂದು ಬೇಡವಾಗಿತ್ತು. ಸೆರಗಿನ ಹಿಂದಿನ ಬಟ್ಟಲು ಮೇಜಿನ ಮೇಲೆ ಬಂತು, ಎಡಗಡೆಯದರ ಪಕ್ಕ, ಅಂಚಿಗೆ ಅಂಚು ತಾಗಿಸಿ. ಋತುಜಾ ನೋಡಿದಳು. ಇದನ್ನು ನೋಡಿ ಅದನ್ನು ನೋಡಿ ಮತ್ತೆ ಇದನ್ನು. ಇದು ಯಾವ ಸೀರಮ್‌ರಿ? ಖರೇ ಮೊದಲನೇ ಮೊಲದ್ದು. ಮತ್ತ ಬಾಟಲಿಯಾಗಿಂದು? ಅದರಾಗ ಎರಡನೇದು ಐತೆವ್ವಾ, ನಾನ ಸುರದೇನಿ, ಹಳೇದು ಚೆಲ್ಲಾಕ ಮನಸ್ಸಾಗಲಿಲ್ಲ, ಹಳೇದರ ಮ್ಯಾಲೆ ಸುರದೆ, ಚೀಟಿ ಬದಲ ಮಾಡಲಿಲ್ಲ, ಏಳು ವರ್ಷ ಆತು, ಎರಡನೇ ಮೊಲ ತಂಗೀನ್ನೂ ಹಿಡಿತೈತಿ, ನೀ ನೋಡಿದ್ದು ತಂಗೀನ್ನ. ಹೇಳಿಯಾಯಿತು. ಇಷ್ಟೇ ಉದ್ದವಿತ್ತು ಅದು. ಹುಡುಗಿ ಸ್ಟೂಲಿನ ಮೇಲೆ ಕೂತಳು, ತನ್ನ ಎರಡೂ ಅಂಗೈಯನ್ನು ಮುಂದೆ ಹಿಡಿದು ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡು, ನನ್ನ ಕೈ ಸರಿ ಇತ್ತಾ ಹಂಗಾರ, ನಾ ಖರೇನ ಸರಿ ಮಾಡಿದ್ನಾ ಎಂದಳು, ಕಣ್ಣೀರು ಮೂಗಿನ ತುದಿಗೆ ಬಂತು, ಒರೆಸಿಕೊಳ್ಳಲಿಲ್ಲ. ಸರಿ ಇತ್ತವ್ವಾ, ಮೂರೂ ಸಲ ಸರಿ ಇತ್ತು. ಹುಡುಗಿ ಈಗ ಮೂಗು ಒರೆಸಿಕೊಂಡಳು. ಆಮೇಲೆ ತಲೆಯೆತ್ತಿ, ಬೇರೆಯೇ ದನಿಯಲ್ಲಿ — ಶುಕ್ರವಾರ ಸರ್ ಕೇಳಿದಾಗ ನೀವು ತಲಿ ಅಲ್ಲಾಡಿಸಿದ್ರಿ. ಹೂಂ. ಅವರು ನನಗ ಅನ್ನಾಕತ್ತಾಗ ನೀವು ಅಲ್ಲೇ ನಿಂತಿದ್ರಿ, ಕೈಯಾಗ ಬ್ರಶ್ ಹಿಡಕೊಂಡು. ಹೂಂ. ಗೊತ್ತಿತ್ತೇನ್ರಿ? ಆವಾಗ ಗೊತ್ತಿರಲಿಲ್ಲವಾ, ಗೊತ್ತಿಲ್ಲದ ಹೌದಂದೆ, ಅದೂ ಸುಳ್ಳ. ಋತುಜಾ ಸ್ಟೂಲನ್ನು ತುಸು ಹಿಂದಕ್ಕೆ ಸರಿಸಿಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು. ಎಡಗಡೆಯ ಬಟ್ಟಲಿಗೆ ನೀರು ಹಾಕಬೇಕು, ಗೆರೆ ಈಗ ಕಾಡಿಗೆ ತೀಡಿದ ಹಾಗಿದೆ, ಯಾರೂ ಹಾಕುತ್ತಿಲ್ಲ.

ಆಮೇಲೆ ಹುಡುಗಿಯ ಕಣ್ಣು ಕಪಾಟಿನ ಕಡೆ ಹೋಯಿತು, ಅಲ್ಲಿ ಸಾಲಾಗಿ ನಿಂತ ಪ್ರಬಂಧಗಳ ಕಡೆ, ನೀಲಿ ಬೈಂಡು, ಬಂಗಾರದ ಅಕ್ಷರ — ವಾಣಿ ಅಕ್ಕಂದು? ಎಂದಳು ಮೆಲ್ಲಗೆ. ಆಕೀದು ಎಲ್ಲಾ ಆ ಬಾಟಲಿದ. ಎಲ್ಲಾನೂ? ಎಲ್ಲಾನೂ. ಫ್ರಿಜ್ಜು ಒಮ್ಮೆ ಗುಡುಗಿ ಸುಮ್ಮನಾಯಿತು. ಅಕ್ಕಾ, ಋತುಜಾ ಎದ್ದು ಬಂದು ಆಕೆಯ ಮಣಿಕಟ್ಟು ಹಿಡಿದಳು, ಇದನ್ನ ಸರ್‌ಗೆ ಹೇಳೂದು ಬ್ಯಾಡ್ರಿ, ಖರೇ, ಹೊಸ ಬಾಟಲಿ ಮಾಡೋಣ, ನಾ ನಾಲ್ಕನೇ ಸಲ ಮಾಡ್ತೀನಿ, ನನ್ನ ತಪ್ಪಿತ್ತು ಅಂತೀನಿ, ಮಾಫಿ ಕೇಳ್ತೀನಿ, ನನಗೇನ್ರಿ, ಇನ್ನೂ ಎರಡು ವರ್ಷ ಅದಾವು, ವಾಣಿ ಅಕ್ಕಗ ಏನೂ ಉಳಿಯೂದಿಲ್ಲ, ಆಕಿನ ನನಗ ಪಿಪೆ‌ಟ್ ಹಿಡಿಯಾಕ ಕಲಿಸಿದಾಕಿ. ತಾನು ಈಗಷ್ಟೇ ನಡೆಯಲು ಹೊರಟಿದ್ದ ದಾರಿ, ಅದೇ ದಾರಿ, ಆ ಬಾಯಿಂದ ಎಷ್ಟು ಚೆಂದ ಕೇಳಿಸುತ್ತದೆ, ದಯೆಯ ಹಾಗೆ ಕೇಳಿಸುತ್ತದೆ. ಬಿಸಿ ಕೈ, ಎಳೆಯ ಕೈ, ಮೂರೂ ಸಲ ಸರಿಯಾಗಿ ಮಾಡಿದ ಕೈ. ದಾಕ್ಷಾಯಿಣಿ ಅದನ್ನು ಬಿಡಿಸಿಕೊಂಡಳು. ಇಲ್ಲ ನನ್ನವ್ವಾ, ನಿನ್ನ ಕೈಗೆ ನಾ ಆ ಕಲೆ ಹಚ್ಚಂಗಿಲ್ಲ, ನಾಳೆ ನಾನ ಸರ್ ಮುಂದ ನಿಂತು ಹೇಳ್ತೇನಿ, ಈ ಎರಡೂ ಹಾಳಿ ಮುಂದಿಟ್ಟು ಹೇಳ್ತೇನಿ, ನೀ ಚೀಲ ತಗೊಂಡು ಮನಿಗೆ ನಡಿ, ಬರಿ ಚೀಲ. ಮತ್ತ ವಾಣಿ ಅಕ್ಕ? ಆಕೀಗೆ ಸರ್ ಬಾಯಿಂದ ತಿಳೀಬಾರದು. ಮೊಬೈಲು ಪರ್ಸಿನ ತಳದಲ್ಲಿದೆ, ವಿಭೂತಿಯ ಪೊಟ್ಟಣ, ಬಸ್ಸಿನ ಕಾರ್ಡು, ಕರವಸ್ತ್ರ, ಸಿಕ್ಕಿತು, ಕನ್ನಡಕ ಏರಿಸಿ ವಕಾರದವರೆಗೆ ಹೋಗಬೇಕು, ವಾಣಿಶ್ರೀ ಗದಗ, ಪಕ್ಕದಲ್ಲಿ ಆಕೆಯೇ ಹಾಕಿಕೊಟ್ಟ ಸಣ್ಣ ಫೋಟೊ, ಬೆರಳು ಒತ್ತಿತು. ರಿಂಗು. ಏನೆಂದು ಶುರು ಮಾಡುವುದು. ಊಟಾತೇನವ್ವಾ ಎಂದು ಕೇಳಲೇ, ಕೇಳಬಾರದು, ಅದೂ ಒಂದು ಮುಸುಕು. ರಿಂಗು. ಎತ್ತದಿರಲಿ. ಎತ್ತಲಿ. ಋತುಜಾ ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಇಬ್ಬರ ಕಣ್ಣೂ ಒಂದೇ ಕಡೆ ಇವೆ, ನೀರು ಹಾಕಬೇಕಿತ್ತು, ಆಗಲೇ ಹಾಕಬೇಕಿತ್ತು, ಎಡಗಡೆಯ ಬಟ್ಟಲಿನಲ್ಲಿ ಆ ಗೆರೆ — ಅಕ್ಕಾ! ನೂರು ವರ್ಷ ಆಯುಷ್ಯ ನೋಡ್ರಿ ನಿಮಗ, ಈಗಷ್ಟ ನಿಮ್ಮ ಹೆಸರು ತಗದಿದ್ದೆ, ಕೆಲಸ ಅಂದ್ರ ನಮ್ಮ ದಾಕ್ಷಾಯಿಣಿ ಅಕ್ಕನ ಕಡೆ ಕಲೀಬೇಕು ಅಂತ ಹೇಳಾಕತ್ತಿದ್ದೆ, ಹೇಳ್ರಿ ಅಕ್ಕಾ, ಆರಾಮ ಇದ್ದೀರಿ? ಅಕ್ಕಾ? ಕೇಳಸಾಕತ್ತೇತಿಲ್ರಿ? — ಕೇಳಿಸುತ್ತಿದೆ, ಎಲ್ಲ ಕೇಳಿಸುತ್ತಿದೆ, ಅತ್ತ ಕಡೆ ಕುಕ್ಕರಿನ ಸೀಟಿ, ಇತ್ತ ಕಡೆ ಬಾಯಿ ತೆರೆದಿದೆ, ವಾಣೀ ಎಂದಾಯಿತು, ಮುಂದಿನದು ನಾಲಿಗೆಯ ಮೇಲೆ ಬಂದು ಕೂತಿದೆ, ಕಣ್ಣು ಆ ಗೆರೆಯ ಮೇಲಿದೆ, ನೇರಳೆಯಿಂದ ಕಪ್ಪಾದದ್ದು, ಕಪ್ಪಿನಿಂದ ಇನ್ನೂ ಕಪ್ಪು, ಅಂಚು ಊದಿಕೊಂಡು ಅಗಲವಾಗುತ್ತ, ಬಿಳಿ ಹಾಳೆಯೊಳಗೆ ಇಳಿಯುತ್ತ, ಆ ಗೆರೆ, ಆ ಗೆರೆ